ಕಂದು ಬಣ್ಣ ಬಂದರೆ ಸಾಕೇ?

"ಬಣ್ಣ ಬಂತು ಅಂದ್ರೆ ಪ್ರೋಟೀನ್ ಇದೆ, ಬರ್ಲಿಲ್ಲ ಅಂದ್ರೆ ಇಲ್ಲ. ಇದ್ರಲ್ಲಿ ವಾದ ಮಾಡೋಕೆ ಏನಿದೆ?"

ಮೊನ್ನೆ ಮದುವೆಮನೆಯೊಂದರಲ್ಲಿ, ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗ ಹೇಳಿದ ಮಾತಿದು. ದೂರದ ಸಂಬಂಧಿ. ಪಿಎಚ್‌ಡಿ ಮಾಡುತ್ತಿದ್ದಾನೆ, ಇಲಿಯ ಮೂತ್ರಪಿಂಡದಲ್ಲಿ ಯಾವುದೋ ಪ್ರೋಟೀನ್ ಹುಡುಕುತ್ತಿದ್ದಾನಂತೆ. ನನ್ನ ಬಾಯಿ ತುಂಬ ಹೋಳಿಗೆ ಇತ್ತು. ನುಂಗಿ ಉತ್ತರ ಕೊಡುವಷ್ಟರಲ್ಲಿ ಪಂಕ್ತಿಯೇ ಎದ್ದುಬಿಟ್ಟಿತು. ಆಮೇಲೆ ಆಸಾಮಿ ಕೈಗೆ ಸಿಗಲಿಲ್ಲ. ಆ ಮಾತು ಮಾತ್ರ ಬಸ್ಸಿನಲ್ಲಿ ಬರುವಾಗಲೂ ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆ ಚೂರಿನ ಹಾಗೆ ಕಾಡುತ್ತಲೇ ಇತ್ತು. ಅದಕ್ಕೇ ಈ ಪೋಸ್ಟು. ಸ್ವಲ್ಪ ಉದ್ದವಾಗಿದೆ, ಕಾಫಿ ಮಾಡ್ಕೊಂಡು ಬನ್ನಿ.

ಇಲ್ಲಿಗೆ ಹೊಸದಾಗಿ ಬಂದವರಿಗೆ ಒಂದು ಮಾತು. ನಾನು ಡಾಕ್ಟರ್ ಅಲ್ಲ. ಬೆಂಗಳೂರಿನ ಒಂದು ಹಿಸ್ಟೋಪೆಥಾಲಜಿ ಲ್ಯಾಬಿನಲ್ಲಿ ಟೆಕ್ನೀಶಿಯನ್. ಆಪರೇಷನ್ನಿನಲ್ಲಿ ತೆಗೆದ ತುಂಡು ಡಬ್ಬಿಯಲ್ಲಿ ಬರುತ್ತದೆ. ಡಾಕ್ಟರು ಅದರಲ್ಲಿ ಬೇಕಾದ ಭಾಗ ಆರಿಸಿ ಕೊಟ್ಟ ಮೇಲೆ ಅದನ್ನು ಮೇಣದಲ್ಲಿ ಕೂರಿಸಿ, ಮೂರು ನಾಲ್ಕು ಮೈಕ್ರಾನ್ ದಪ್ಪಕ್ಕೆ ಕೊಯ್ದು, ಗಾಜಿಗೆ ಹತ್ತಿಸಿ, ಬಣ್ಣ ಹಾಕಿ, ಪೆಥಾಲಜಿಸ್ಟರ ಮೇಜಿನ ಮೇಲಿಡುವುದು ನನ್ನ ಕೆಲಸ. ಈ ಬಣ್ಣದಿಂದಲೇ ನಮ್ಮ ಮನೆಯಲ್ಲಿ ಅನ್ನ ಬೇಯುವುದು. ಹಾಗಾಗಿ ಈ ವಿದ್ಯೆಯನ್ನು ಬೈಯಲು ಕೂತಿದ್ದೇನೆ ಅಂದ್ಕೋಬೇಡಿ. ಇದನ್ನು ಕಣ್ಣುಮುಚ್ಚಿ ನಂಬುವವರನ್ನು ಬೈಯಲು ಕೂತಿದ್ದೇನೆ.

ಬಣ್ಣ ಹಾಕುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಮಾಮೂಲಿಯದು ಹಿಮಟಾಕ್ಸಿಲಿನ್ ಮತ್ತು ಇಯೋಸಿನ್. ಮೊದಲನೆಯದು ಮೆಕ್ಸಿಕೋ ಕಡೆಯ ಒಂದು ಮರದ ತಿರುಳಿನಿಂದ ಬರುವ ಬಣ್ಣ, ಜೀವಕೋಶದ ನ್ಯೂಕ್ಲಿಯಸ್ಸನ್ನು ನೀಲಿ ಮಾಡುತ್ತದೆ. ಇನ್ನೊಂದು ಉಳಿದದ್ದನ್ನೆಲ್ಲ ಗುಲಾಬಿ ಮಾಡುತ್ತದೆ. ಇದರಲ್ಲಿ ಅಂಗಾಂಶದ ಆಕಾರ ಚೆನ್ನಾಗಿ ಕಾಣುತ್ತದೆ, ಆದರೆ ಯಾವ ಪ್ರೋಟೀನ್ ಎಲ್ಲಿದೆ ಅನ್ನುವುದು ಕಾಣುವುದಿಲ್ಲ. ಅದಕ್ಕೆ ಬೇಕಾದ್ದು ಎರಡನೆಯ ಬಗೆ, ಇಮ್ಯುನೋಹಿಸ್ಟೋಕೆಮಿಸ್ಟ್ರಿ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಸ್ಟಾಪು ದಾಟಿರುತ್ತದೆ, ಐಎಚ್‌ಸಿ ಅನ್ನೋಣ.

ರೋಗಾಣು ಬಂದಾಗ ದೇಹ ತಯಾರಿಸುತ್ತದಲ್ಲ ಆಂಟಿಬಾಡಿ, ಅದಕ್ಕೆ ತನಗೆ ಒಗ್ಗುವ ಆಕಾರ ಸಿಕ್ಕರೆ ಹೋಗಿ ಅಂಟಿಕೊಳ್ಳುವ ಗುಣ ಇದೆ. ಆ ಗುಣವನ್ನೇ ಹಿಡಿದು, 1941ರಲ್ಲಿ ಹಾರ್ವರ್ಡಿನ ಆಲ್ಬರ್ಟ್ ಕೂನ್ಸ್ ಮತ್ತು ಜೊತೆಗಾರರು ಆಂಟಿಬಾಡಿಗೆ ಹೊಳೆಯುವ ಬಣ್ಣ ಕಟ್ಟಿ ಕಳಿಸಿದರು. ಬಣ್ಣ ಎಲ್ಲಿ ಹೊಳೆಯಿತೋ ಅಲ್ಲಿ ಹುಡುಕುತ್ತಿದ್ದ ವಸ್ತು ಇದೆ ಎಂದು ಲೆಕ್ಕ. 1966ರಲ್ಲಿ ನಕಾನೆ ಮತ್ತು ಪಿಯರ್ಸ್ ಬಣ್ಣದ ಬದಲು ಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ಕಟ್ಟಿದರು. ಈಗ ನಾವು ಮಾಡುವುದು ಅದರದೇ ಮುಂದುವರಿಕೆ. ಆಂಟಿಬಾಡಿ ಕೂತ ಜಾಗದಲ್ಲಿ ಕಿಣ್ವ ಇರುತ್ತದೆ, ಅದರ ಮೇಲೆ ಡಿಎಬಿ ಎಂಬ ರಾಸಾಯನಿಕ ಹಾಕಿದರೆ ಕಂದು ಬಣ್ಣ ಬರುತ್ತದೆ. ಹಿನ್ನೆಲೆಗೆ ತಿಳಿನೀಲಿ. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಒಂದೇ ಅಚ್ಚಿನ ಆಂಟಿಬಾಡಿಯನ್ನು ಬೇಕಾದಷ್ಟು ತಯಾರಿಸುವ ದಾರಿ ತೋರಿಸಿದರು, 1984ರಲ್ಲಿ ಅದಕ್ಕೆ ನೊಬೆಲ್ ಕೂಡ ಬಂತು. ಅಲ್ಲಿಂದ ಮುಂದೆ ಆಂಟಿಬಾಡಿ ಬಾಟಲಿಯಲ್ಲಿ ಸಿಗುವ ಸರಕಾಯಿತು.

ಇದರ ಬೆಲೆ ದೊಡ್ಡದು, ಒಪ್ಪುತ್ತೇನೆ. ಅಂಗಾಂಶವನ್ನು ಅರೆದು ಅದರಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನಗಳು ಬೇಕಾದಷ್ಟಿವೆ. ಆದರೆ ಮಿಕ್ಸಿಗೆ ಹಾಕಿ ತಿರುಗಿಸಿದ ಮೇಲೆ ಚಟ್ನಿಯಲ್ಲಿ ಕಾಯಿ ಎಲ್ಲಿತ್ತು, ಹುರಿಗಡಲೆ ಎಲ್ಲಿತ್ತು ಅಂತ ಹೇಳಲಿಕ್ಕಾಗುತ್ತದಾ? ಯಾವ ಜೀವಕೋಶದಲ್ಲಿದೆ, ನ್ಯೂಕ್ಲಿಯಸ್ಸಿನಲ್ಲೋ ಹೊರಪೊರೆಯಲ್ಲೋ, ಗಡ್ಡೆಯಲ್ಲೋ ಪಕ್ಕದ ಆರೋಗ್ಯವಂತ ಭಾಗದಲ್ಲೋ, ಇದನ್ನು ಇದ್ದಲ್ಲೇ ತೋರಿಸುವುದು ಈ ಬಣ್ಣ. ಸ್ವೀಡನ್ನಿನಲ್ಲಿ ಮಥಿಯಾಸ್ ಉಲೆನ್ 2003ರಲ್ಲಿ ಶುರುಮಾಡಿದ ಹ್ಯೂಮನ್ ಪ್ರೋಟೀನ್ ಅಟ್ಲಾಸ್ ನೋಡಿ. ಮನುಷ್ಯನ ಒಂದೊಂದು ಪ್ರೋಟೀನನ್ನೂ ಒಂದೊಂದು ಅಂಗಾಂಶದಲ್ಲಿ ಬಣ್ಣ ಹಾಕಿ ತೋರಿಸುವ ಸಾಹಸ. ಆ ರಾಶಿ ರಾಶಿ ಚಿತ್ರಗಳನ್ನು ಕೂತು ನೋಡಿ ಇಲ್ಲಿದೆ, ಇಲ್ಲಿಲ್ಲ ಎಂದು ಬರೆದವರಲ್ಲಿ ಮುಂಬೈನ ಪೆಥಾಲಜಿಸ್ಟರೂ ಇದ್ದಾರೆ. ಬಿಟ್ಟಿಯಾಗಿ ನೋಡಬಹುದು. ನೋಡಿ, ಕಣ್ಣಿಗೆ ಹಬ್ಬ.

ಈಗ ಜಗಳಕ್ಕೆ ಬರೋಣ.

ಬಿಳಿ ಅಂಗಿಯ ಮೇಲೆ ಸಾರು ಚೆಲ್ಲಿಕೊಂಡವರಿಗೆಲ್ಲ ಗೊತ್ತು, ಅರಿಶಿನದ ಕಲೆಗೆ ಸಾಬೂನು ಹಚ್ಚಿದ ಕೂಡಲೇ ಕೆಂಪಾಗುತ್ತದೆ. ಓಕುಳಿ ನೀರಿಗೆ ಸುಣ್ಣ ಹಾಕಿದಾಗಲೂ ಅದೇ ಕೆಂಪು. ಈಗ ಯಾರೋ ಒಬ್ಬರು ನಿಮ್ಮ ಅಂಗಿಯ ಕೆಂಪು ಕಲೆ ನೋಡಿ "ಇಲ್ಲಿ ಸುಣ್ಣ ಬಿದ್ದಿದೆ" ಅಂತ ಬರೆದುಕೊಟ್ಟರೆ? ಸುಣ್ಣವೂ ಇರಬಹುದು, ಸಾಬೂನೂ ಇರಬಹುದು, ಅಡಿಗೆ ಸೋಡಾನೂ ಇರಬಹುದು. ಕೆಂಪು ಕಂಡದ್ದು ನಿಜ, ಸುಣ್ಣ ಅನ್ನುವುದು ನೀವು ಸೇರಿಸಿದ ಮಾತು. ಕಂದು ಬಣ್ಣದ ಕತೆಯೂ ಇಷ್ಟೇ. ಆಂಟಿಬಾಡಿ ಅಂಟುವುದು ಒಂದು ಆಕಾರಕ್ಕೆ. ಅಂಥದ್ದೇ ಆಕಾರದ ತುಣುಕು ಬೇರೆ ಪ್ರೋಟೀನಿನಲ್ಲಿದ್ದರೆ ಅಲ್ಲಿಗೂ ಹೋಗಿ ಕೂರುತ್ತದೆ. ಅಂಗಾಂಶದಲ್ಲಿ ಮೊದಲೇ ಇರುವ ಪೆರಾಕ್ಸಿಡೇಸನ್ನು ಸುಮ್ಮನಾಗಿಸದಿದ್ದರೆ ಆಂಟಿಬಾಡಿ ಇಲ್ಲದೆಯೂ ಕಂದು. ಯಕೃತ್ತಿನಲ್ಲಿ, ಮೂತ್ರಪಿಂಡದಲ್ಲಿ ಬಯೋಟಿನ್ ಜಾಸ್ತಿ. ಬಯೋಟಿನ್ ಆಧಾರದ ಕಿಟ್ ಬಳಸಿದರೆ ಅದೇ ಬಣ್ಣ ಹಿಡಿದು ಕೂರುತ್ತದೆ. ಸತ್ತ ಜೀವಕೋಶಗಳ ಗುಪ್ಪೆ, ತುಂಡಿನ ಅಂಚು, ಮಡಿಸಿದ ಜಾಗ ಎಲ್ಲವೂ ಕಂದು. ಮೆಲನಿನ್ ಅಂತೂ ಹುಟ್ಟಾ ಕಂದು.

ಸುಳ್ಳು ಕಂದು ಒಂದು ಕಡೆಯಾದರೆ ಸುಳ್ಳು ನೀಲಿ ಇನ್ನೊಂದು ಕಡೆ. ನನ್ನನ್ನು ಕೇಳಿದರೆ ಇದೇ ಹೆಚ್ಚು ಕೆಟ್ಟದ್ದು, ಯಾಕೆಂದರೆ ಇದು ಏನೂ ಆಗದವರ ಹಾಗೆ ಸುಮ್ಮನಿರುತ್ತದೆ. ತುಂಡು ದೇಹದಿಂದ ಹೊರಬಂದ ಗಳಿಗೆಯಿಂದ ಕೊಳೆಯಲು ಶುರು. ಅದನ್ನು ನಿಲ್ಲಿಸುವುದು ಫಾರ್ಮಾಲಿನ್. ಫಾರ್ಮಾಲಿನ್ ಒಳಗಿಳಿಯುವ ವೇಗ ಗಂಟೆಗೆ ಸುಮಾರು ಒಂದು ಮಿಲಿಮೀಟರ್. ಇಡೀ ಸ್ತನವನ್ನು ಕೊಯ್ಯದೆ ಹಾಗೇ ಡಬ್ಬಿಗೆ ತುರುಕಿ, ಮೇಲೆ ನಾಲ್ಕು ಲೋಟ ಫಾರ್ಮಾಲಿನ್ ಸುರಿದರೆ ನಡುವೆ ಇರುವ ಗಡ್ಡೆಗೆ ಅದು ಮುಟ್ಟುವುದು ಯಾವಾಗ ಹೇಳಿ? ಹಾಗಂತ ವಾರಗಟ್ಟಲೆ ಮುಳುಗಿಸಿಟ್ಟರೂ ಕಷ್ಟ, ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಆಂಟಿಬಾಡಿಗೆ ಜಾಗವೇ ಸಿಗುವುದಿಲ್ಲ. ಈ ಹೆಣಿಗೆ ಬಿಚ್ಚಲು ಸ್ಲೈಡನ್ನು ಕುದಿಸಬೇಕು ಎಂದು 1991ರಲ್ಲಿ ಶಾನ್-ರಾಂಗ್ ಶಿ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಅವರು ಬಳಸಿದ್ದು ಮೈಕ್ರೋವೇವ್. ನಾನು ಕೆಲಸಕ್ಕೆ ಸೇರಿದಾಗ ನಮ್ಮಲ್ಲಿದ್ದದ್ದು ಪಾತ್ರೆ ಅಂಗಡಿಯಿಂದ ತಂದ ಪ್ರೆಶರ್ ಕುಕ್ಕರ್. ವಿಷಲ್ ಎಣಿಸಿ ಇಳಿಸುತ್ತಿದ್ದೆವು. ನಗಬೇಡಿ, ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು :) ಆದರೆ ಒಂದು ದಿನ ಗ್ಯಾಸ್ಕೆಟ್ ಸಡಿಲವಾಗಿ ಪ್ರೆಶರ್ ಏರದೇ ಹೋದರೆ ಆ ದಿನದ ಸ್ಲೈಡುಗಳೆಲ್ಲ ಅಚ್ಚ ನೀಲಿ. ಅಚ್ಚ ನೀಲಿ ಅಂದರೆ ರಿಪೋರ್ಟಿನ ಭಾಷೆಯಲ್ಲಿ "ನೆಗೆಟಿವ್".

ಇಲ್ಲಿ ಚಿಕ್ಕಮ್ಮನ ವಿಷಯ ಹೇಳಲೇಬೇಕು. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನನ್ನ ಚಿಕ್ಕಮ್ಮನಿಗೆ ಸ್ತನದಲ್ಲಿ ಗಂಟು ಕಾಣಿಸಿಕೊಂಡಿತು. ಆಗ ಅವರಿಗೆ 47. ಮೊದಲು ಸೂಜಿಯಲ್ಲಿ ಚೂರು ತೆಗೆದು ನೋಡಿ ಕ್ಯಾನ್ಸರ್ ಅಂದರು. ಊರಿನ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಒಂದು ಶನಿವಾರ ಮಧ್ಯಾಹ್ನ ಆಪರೇಷನ್ ಆಯಿತು. ತೆಗೆದದ್ದನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಫಾರ್ಮಾಲಿನ್ ಸುರಿದು, ಮುಚ್ಚಳಕ್ಕೆ ಟೇಪ್ ಸುತ್ತಿ ಇಟ್ಟರು. ಭಾನುವಾರ ರಜೆ. ಸೋಮವಾರ ರಾತ್ರಿ ಬಸ್ಸಿಗೆ ಹಾಕಿದರು, ಮಂಗಳವಾರ ಬೆಳಿಗ್ಗೆ ಬೆಂಗಳೂರಿನ ಒಂದು ಲ್ಯಾಬು ಸೇರಿತು. (ನಮ್ಮ ಲ್ಯಾಬಲ್ಲ.) ಹತ್ತು ದಿನಕ್ಕೆ ರಿಪೋರ್ಟ್ ಬಂತು. ಇಆರ್ ನೆಗೆಟಿವ್, ಪಿಆರ್ ನೆಗೆಟಿವ್, ಹರ್-2 ಸೊನ್ನೆ.

ಚಿಕ್ಕಮ್ಮ ಫೋನ್ ಮಾಡಿದರು. "ಮೂರಕ್ಕೆ ಮೂರೂ ನೆಗೆಟಿವ್ ಬಂದಿದೆ ಕಣೋ ಮಗಾ. ದೇವರು ದೊಡ್ಡವನು. ನೆಗೆಟಿವ್ ಅಂದ್ರೆ ಒಳ್ಳೇದೇ ಅಲ್ವಾ?"

ನನಗೆ ಮಾತೇ ಹೊರಡಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಆರ್ ಅಂದರೆ ಈಸ್ಟ್ರೋಜನ್ ರಿಸೆಪ್ಟರ್, ನ್ಯೂಕ್ಲಿಯಸ್ಸಿನಲ್ಲಿ ಕೂರುವ ಪ್ರೋಟೀನ್. ಗಡ್ಡೆಯಲ್ಲಿ ಅದು ಇದ್ದರೆ ಗಡ್ಡೆ ಹಾರ್ಮೋನನ್ನು ಉಂಡು ಬೆಳೆಯುತ್ತಿದೆ ಎಂದರ್ಥ, ಆ ಊಟ ನಿಲ್ಲಿಸಲು ಟ್ಯಾಮಾಕ್ಸಿಫೆನ್ ಎಂಬ ಮಾತ್ರೆ ಇದೆ. ಹಳೆಯ ಮಾತ್ರೆ, ಅಗ್ಗದ ಮಾತ್ರೆ. ಇಆರ್ ಪಾಸಿಟಿವ್ ಇರುವವರು ಐದು ವರ್ಷ ತೆಗೆದುಕೊಂಡರೆ, ಮುಂದಿನ ಹದಿನೈದು ವರ್ಷಗಳಲ್ಲಿ ಈ ಕ್ಯಾನ್ಸರಿನಿಂದ ಸಾಯುವ ಸಂಭವ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಇಆರ್ ಇಲ್ಲದವರಿಗೆ ಆ ಮಾತ್ರೆಯಿಂದ ಉಪಯೋಗವಿಲ್ಲ, ಕೊಡುವುದೂ ಇಲ್ಲ. ಅಂದರೆ ಚಿಕ್ಕಮ್ಮ ಖುಷಿಪಟ್ಟ ಆ "ನೆಗೆಟಿವ್" ಅವರ ಮುಂದಿದ್ದ ಒಂದು ಬಾಗಿಲನ್ನು ಮುಚ್ಚುತ್ತಿತ್ತು.

ಬ್ಲಾಕು, ಸ್ಲೈಡು ಎರಡನ್ನೂ ಇಸಿದುಕೊಂಡು ನಮ್ಮ ಮೇಡಂ ಹತ್ತಿರ ತಂದೆ. ಇಪ್ಪತ್ತೈದು ವರ್ಷ ಮೈಕ್ರೋಸ್ಕೋಪ್ ನೋಡಿದ ಕಣ್ಣು ಅವರದು. ಅವರು ಗಡ್ಡೆಯನ್ನು ನೋಡಲೇ ಇಲ್ಲ. ಸ್ಲೈಡನ್ನು ಆಚೀಚೆ ಸರಿಸಿ ಗಡ್ಡೆಯ ಪಕ್ಕದಲ್ಲಿದ್ದ ಮಾಮೂಲಿ ಹಾಲಿನ ನಾಳಗಳನ್ನು ಹುಡುಕಿದರು. ಆರೋಗ್ಯವಂತ ನಾಳದಲ್ಲೂ ಒಂದಷ್ಟು ಜೀವಕೋಶಗಳಿಗೆ ಇಆರ್ ಇದ್ದೇ ಇರುತ್ತದೆ. ಅಲ್ಲೊಂದು ಇಲ್ಲೊಂದು ಕಂದು ಚುಕ್ಕಿ ಕಾಣಲೇಬೇಕು. ಒಂದೂ ಇರಲಿಲ್ಲ. ಪೂರಾ ನೀಲಿ.

"ಇದು ನೆಗೆಟಿವ್ ಅಲ್ಲ, ಇದು ಫೇಲ್" ಅಂದರು. ಅಷ್ಟೇ ಮಾತು.

ಮೊದಲ ಸೂಜಿ ಬಯಾಪ್ಸಿಯ ಬ್ಲಾಕ್ ಇನ್ನೂ ಇತ್ತು. ದಾರದಷ್ಟು ಸಣ್ಣ ಚೂರು, ತೆಗೆದ ತಕ್ಷಣ ಫಾರ್ಮಾಲಿನ್ನಿಗೆ ಬಿದ್ದದ್ದು. ಅದನ್ನು ನಾನೇ ಕೊಯ್ದೆ, ನಾನೇ ಬಣ್ಣ ಹಾಕಿದೆ. ಕೈ ನಡುಗುತ್ತಿತ್ತು. ಡಿಎಬಿ ಹಾಕಿದ ಐದು ನಿಮಿಷಕ್ಕೆ ಬರಿಗಣ್ಣಿಗೇ ಕಾಣುವಂತೆ ಗಾಜಿನ ಮೇಲೆ ಕಂದು ಗೆರೆ ಎದ್ದಿತು. ನೂರಕ್ಕೆ ತೊಂಬತ್ತರಷ್ಟು ಜೀವಕೋಶಗಳಲ್ಲಿ ಇಆರ್! ಕೀಮೋ ಮುಗಿದ ಮೇಲೆ ಚಿಕ್ಕಮ್ಮ ಮಾತ್ರೆ ಶುರುಮಾಡಿದರು.

ನನ್ನ ಕೋಪ ಆ ಡಬ್ಬಿಯ ಮೇಲಲ್ಲ. ಡಬ್ಬಿ ಯಾರ ಕೈಯಲ್ಲೂ ಹಾಗಾಗಬಹುದು. ಪಕ್ಕದ ನಾಳ ನೀಲಿಯಾಗಿದ್ದರೂ "ನೆಗೆಟಿವ್" ಅಂತ ಸಹಿ ಹಾಕಿ ಕಳಿಸಿದರಲ್ಲ, ಅದರ ಮೇಲೆ. ಅದೊಂದು ಸಾಲು, "ಈ ಪರೀಕ್ಷೆಯನ್ನು ಅರ್ಥೈಸಲು ಸಾಧ್ಯವಿಲ್ಲ, ಬೇರೆ ತುಂಡಿನಲ್ಲಿ ಮಾಡಿ" ಅಂತ ಬರೆಯಲು ಎಷ್ಟು ಶಾಯಿ ಬೇಕಿತ್ತು?

"ಏನೋ ನಿಮ್ಮ ಚಿಕ್ಕಮ್ಮನದು ಒಂದು ಕೇಸು, ಅದನ್ನೇ ದೊಡ್ಡದು ಮಾಡ್ತೀಯ" ಅನ್ನುವವರಿಗೆ ಕೆನಡಾದ ಕತೆ ಹೇಳುತ್ತೇನೆ. ಅಲ್ಲಿನ ನ್ಯೂಫೌಂಡ್‌ಲ್ಯಾಂಡ್ ಪ್ರಾಂತ್ಯದ ಸೇಂಟ್ ಜಾನ್ಸ್ ನಗರದಲ್ಲಿ 1997ರಿಂದ 2005ರವರೆಗೆ ಇಡೀ ಪ್ರಾಂತ್ಯದ ಸ್ತನ ಕ್ಯಾನ್ಸರ್ ರೋಗಿಗಳ ಹಾರ್ಮೋನ್ ರಿಸೆಪ್ಟರ್ ಪರೀಕ್ಷೆ ನಡೆಯುತ್ತಿತ್ತು. 2005ರಲ್ಲಿ ಒಬ್ಬ ರೋಗಿಯ ರಿಪೋರ್ಟ್ ನೋಡಿ ವೈದ್ಯರಿಗೆ ಅನುಮಾನ ಬಂತು. ಅವರದು ಲಾಬ್ಯುಲರ್ ಎಂಬ ಬಗೆಯ ಕ್ಯಾನ್ಸರ್, ಅದು ಸಾಮಾನ್ಯವಾಗಿ ಇಆರ್ ಪಾಸಿಟಿವ್ ಇರುತ್ತದೆ, ಇವರದು ನೆಗೆಟಿವ್ ಬಂದಿತ್ತು. ಹೊಸ ಯಂತ್ರದಲ್ಲಿ ಮತ್ತೆ ಮಾಡಿದರೆ ಪಾಸಿಟಿವ್. ಇನ್ನೂ ಕೆಲವು ಮಾಡಿ ನೋಡಿದರೆ ಅವೂ ಉಲ್ಟಾ. ಕಡೆಗೆ ಹಳೆಯ ನೆಗೆಟಿವ್‌ಗಳನ್ನು ಟೊರಾಂಟೋಗೆ ಕಳಿಸಿ ಮರುಪರೀಕ್ಷೆ ಮಾಡಿಸಿದರು. ಮುನ್ನೂರಕ್ಕೂ ಹೆಚ್ಚು ಮಂದಿಯ ಫಲಿತಾಂಶ ತಪ್ಪಾಗಿತ್ತು. ಅವರಲ್ಲಿ ಎಷ್ಟೋ ಮಂದಿ ಆ ಹೊತ್ತಿಗೆ ತೀರಿಕೊಂಡಿದ್ದರು. ಅಗ್ಗದ ಮಾತ್ರೆ ಸಿಕ್ಕಿದ್ದರೆ ಅವರಲ್ಲಿ ಯಾರು ಬದುಕುತ್ತಿದ್ದರು ಅನ್ನುವುದನ್ನು ಈಗ ಯಾರೂ ಹೇಳಲಾರರು.

ನ್ಯಾಯಮೂರ್ತಿ ಮಾರ್ಗರೆಟ್ ಕ್ಯಾಮರಾನ್ ಅವರ ಆಯೋಗ 2009ರಲ್ಲಿ ವರದಿ ಕೊಟ್ಟಿತು. ಅದರಲ್ಲಿ ಕಾಣುವುದು ದೊಡ್ಡ ಖಳನಾಯಕನಲ್ಲ. ಫಾರ್ಮಾಲಿನ್ ಸರಿಯಿಲ್ಲ, ಕಂಟ್ರೋಲ್ ಸ್ಲೈಡುಗಳ ಮೇಲೆ ನಿಗಾ ಇಲ್ಲ, ಗುಣಮಟ್ಟ ನೋಡುವವರಿಲ್ಲ, ಇಂಥ ಸಣ್ಣ ಸಣ್ಣ ಅಸಡ್ಡೆಗಳೇ ವರ್ಷಾನುಗಟ್ಟಲೆ ಕೂಡಿಕೊಂಡು ಬಂದದ್ದು. ಸ್ಲೈಡಿನ ಮೇಲೆ ಬಣ್ಣ ಬರಲಿಲ್ಲ, ಆದ್ದರಿಂದ ಪ್ರೋಟೀನ್ ಇಲ್ಲ. ಮದುವೆಮನೆಯ ಹುಡುಗನ ಅದೇ ತರ್ಕ.

ಅದೊಂದು ಮೂಲೆಯ ಊರು ಅಂತೀರಾ? ಅಮೆರಿಕದ ಕ್ಯಾನ್ಸರ್ ವೈದ್ಯರ ಮತ್ತು ಪೆಥಾಲಜಿಸ್ಟರ ಸಂಘಗಳು 2007ರಲ್ಲಿ ಹರ್-2 ಬಗ್ಗೆ, 2010ರಲ್ಲಿ ಇಆರ್-ಪಿಆರ್ ಬಗ್ಗೆ ಮಾರ್ಗಸೂಚಿ ಬರೆದಾಗ, ನಡೆಯುತ್ತಿರುವ ಪರೀಕ್ಷೆಗಳಲ್ಲಿ ಶೇಕಡ 20ರವರೆಗೆ ತಪ್ಪಿರಬಹುದು ಎಂದು ತಾವೇ ಒಪ್ಪಿಕೊಂಡಿದ್ದವು. ಅವರ ನಿಯಮ ಸರಳ. ತುಂಡು ತೆಗೆದ ಒಂದು ಗಂಟೆಯೊಳಗೆ ಫಾರ್ಮಾಲಿನ್ನಿಗೆ ಬೀಳಬೇಕು, ಅದರಲ್ಲಿ ಆರು ಗಂಟೆಗಿಂತ ಕಡಿಮೆ ಇರಬಾರದು, 72 ಗಂಟೆ ಮೀರಬಾರದು. ಇದಕ್ಕೇನು ರಾಕೆಟ್ ವಿಜ್ಞಾನಿ ಬೇಕಾಗಿಲ್ಲ. ಗೋಡೆ ಗಡಿಯಾರ, ಒಂದು ಪೆನ್ನು, ಚೂರಿ, ಇಷ್ಟಿದ್ದರೆ ಆಯಿತು.

ಇದನ್ನು ನಮ್ಮ ನೆಲಕ್ಕೆ ತಂದು ನೋಡಿ. ಭಾರತದ ಅಧ್ಯಯನಗಳಲ್ಲಿ ಸ್ತನ ಕ್ಯಾನ್ಸರಿನಲ್ಲಿ ಮೂರೂ ನೆಗೆಟಿವ್ ಇರುವವರ ಪ್ರಮಾಣ ಶೇಕಡ 30ರ ಆಸುಪಾಸು ಕಾಣುತ್ತದೆ. ಪಶ್ಚಿಮದ ದೇಶಗಳಲ್ಲಿ ಅದು 10ರಿಂದ 15. ನಮ್ಮಲ್ಲಿ ಚಿಕ್ಕ ವಯಸ್ಸಿನ ರೋಗಿಗಳು ಹೆಚ್ಚು, ಆ ವಯಸ್ಸಿನಲ್ಲಿ ಈ ಬಗೆ ಹೆಚ್ಚು, ಇದೆಲ್ಲ ನಿಜ. ಹಾಗಾಗಿ ಆ ವ್ಯತ್ಯಾಸ ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ "ಭಾರತೀಯ ಮಹಿಳೆಯರ ಜೀನುಗಳಲ್ಲೇ ಏನೋ ಇದೆ" ಎಂದು ಪ್ರಬಂಧ ಬರೆಯುವ ಮೊದಲು, ಆ ಶೇಕಡ 30ರಲ್ಲಿ ಜೀನಿನದೆಷ್ಟು, ಶನಿವಾರ ಮಧ್ಯಾಹ್ನದ ಡಬ್ಬಿಯದೆಷ್ಟು ಅಂತ ಯಾರಾದರೂ ಲೆಕ್ಕ ಹಾಕಬೇಡವೇ? ನನ್ನ ಮೇಜಿಗೆ ಬರುವ ಡಬ್ಬಿಗಳನ್ನು ನೋಡಿದ ಮೇಲೆ ಈ ಪ್ರಶ್ನೆ ಕೇಳದೆ ಇರಲಾರೆ. ಉಪ್ಪಿನಕಾಯಿ ಬಾಟಲಿಯಲ್ಲಿ, ಬರೀ ಸಲೈನಿನಲ್ಲಿ, ಒಮ್ಮೆ ಗ್ಲೌಸಿನೊಳಗೆ ಗಂಟು ಕಟ್ಟಿ ಕೂಡ ಬಂದದ್ದಿದೆ.

ಸಂಶೋಧನೆಯವರೇನು ಸಾಚಾ ಅಲ್ಲ. ಆಸ್ಪತ್ರೆಯಲ್ಲಾದರೆ ತಪ್ಪಿಗೆ ಒಬ್ಬ ರೋಗಿ ಎದುರಿಗಿರುತ್ತಾಳೆ, ಇವರದ್ದು ಕೇಳುವವರೇ ಇಲ್ಲ. ಈಸ್ಟ್ರೋಜನ್ ರಿಸೆಪ್ಟರಿಗೆ ಒಬ್ಬ ತಮ್ಮ ಇದ್ದಾನೆ, ಬೀಟಾ ಅಂತ. 1996ರಲ್ಲಿ ಸ್ವೀಡನ್ನಿನಲ್ಲಿ ಪತ್ತೆಯಾದವನು. ಅಲ್ಲಿಂದ ಇಪ್ಪತ್ತು ವರ್ಷ ಅವನ ಮೇಲೆ ಪ್ರಬಂಧಗಳ ಮಳೆ. ಸ್ತನದಲ್ಲಿದ್ದಾನೆ, ಕ್ಯಾನ್ಸರಿನಲ್ಲಿ ಕಡಿಮೆಯಾಗುತ್ತಾನೆ, ಇಲ್ಲ ಹೆಚ್ಚಾಗುತ್ತಾನೆ, ಇದ್ದರೆ ಒಳ್ಳೆಯದು, ಇದ್ದರೆ ಕೆಟ್ಟದ್ದು... ಒಬ್ಬರ ಮಾತು ಒಬ್ಬರಿಗೆ ತಾಳೆಯಾಗುವುದಿಲ್ಲ. 2017ರಲ್ಲಿ ಸ್ವೀಡನ್ನಿನದೇ ಒಂದು ತಂಡ ಹದಿಮೂರು ಬೀಟಾ ಆಂಟಿಬಾಡಿಗಳನ್ನು ಸಾಲಾಗಿ ಪರೀಕ್ಷೆಗೆ ಕೂರಿಸಿತು. ಪಾಸಾದದ್ದು ಒಂದೇ ಒಂದು! ಜನ ಹೆಚ್ಚು ಬಳಸುತ್ತಿದ್ದ ಆಂಟಿಬಾಡಿಗಳು ಫೇಲ್. ಆ ಒಂದನ್ನು ಹಿಡಿದು ನೋಡಿದರೆ ವೃಷಣದಲ್ಲಿ, ಅಂಡಾಶಯದ ಕೆಲವು ಜೀವಕೋಶಗಳಲ್ಲಿ, ಕೆಲವು ಬಿಳಿರಕ್ತಕಣಗಳಲ್ಲಿ ಬೀಟಾ ಇದೆ, ಸ್ತನದಲ್ಲಿ ಕಾಣಿಸಲೇ ಇಲ್ಲ. ಅಂದರೆ ಇಷ್ಟು ವರ್ಷ ಅಷ್ಟು ಜನ ನೋಡುತ್ತಿದ್ದ ಕಂದು ಬಣ್ಣ ಬೇರೆ ಯಾರದೋ. ಅರಿಶಿನ ಕೆಂಪಾಗಿದ್ದು ಸಾಬೂನಿನಿಂದ.

ಇದೊಂದೇ ಅಲ್ಲ. ಈಚೆಗೆ ವೈಚಾರೋಸ್ ಎಂಬ ತಂಡ 65 ಪ್ರೋಟೀನುಗಳಿಗೆ ಮಾರುಕಟ್ಟೆಯಲ್ಲಿದ್ದ 614 ಆಂಟಿಬಾಡಿಗಳನ್ನು ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿತು. ಅವರ ಉಪಾಯ ನನಗೆ ತುಂಬ ಹಿಡಿಸಿತು. ಆ ಪ್ರೋಟೀನಿನ ಜೀನನ್ನೇ ಕತ್ತರಿಸಿ ತೆಗೆದ ಜೀವಕೋಶಗಳ ಮೇಲೆ ಆಂಟಿಬಾಡಿ ಹಾಕಿ ನೋಡುವುದು. ಮನೆಯಲ್ಲಿ ಆಸಾಮಿಯೇ ಇಲ್ಲ ಅಂತ ಖಾತ್ರಿ ಇರುವಾಗಲೂ "ಇದ್ದಾನೆ, ಇದ್ದಾನೆ" ಅಂತ ಕೂಗಿದರೆ ಆ ಸಾಕ್ಷಿ ಸುಳ್ಳು ತಾನೇ? ಸರಾಸರಿ ತೆಗೆದರೆ ಒಂದೊಂದು ಪ್ರೋಟೀನಿಗೂ ಹತ್ತು ಹನ್ನೆರಡು ಪ್ರಬಂಧಗಳು ಇಂಥ ಸುಳ್ಳು ಸಾಕ್ಷಿಯನ್ನು ನಂಬಿ ಬಂದಿದ್ದವು. ಕಂಪನಿಗಳು ಕೆಲವು ಬಾಟಲಿಗಳನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡವು, ಅದು ಅವರ ದೊಡ್ಡತನ. ಪ್ರಬಂಧಗಳನ್ನು ಯಾರು ವಾಪಸ್ ತೆಗೆದುಕೊಳ್ಳುತ್ತಾರೆ?

ಈಗ ಸಮರ್ಥನೆಗಳು. ಕೇಳಿ ಕೇಳಿ ನನಗೆ ಬಾಯಿಪಾಠವಾಗಿವೆ.

"ನಮ್ಮಲ್ಲಿ ಎಲ್ಲ ಯಂತ್ರವೇ ಮಾಡುತ್ತೆ." ಮಾಡಲಿ, ಸಂತೋಷ. ಯಂತ್ರ ನನಗಿಂತ ನೀಟಾಗಿ ಬಣ್ಣ ಹಾಕುತ್ತದೆ. ಆದರೆ ಕೊಳೆತ ತುಂಡಿಗೂ ಅಷ್ಟೇ ನೀಟಾಗಿ ಹಾಕುತ್ತದೆ.

"ಇನ್ನು ಮುಂದೆ ಎಐ ನೋಡಿ ಅಂಕ ಕೊಡುತ್ತೆ." ಅದು ಕೊಡುವುದು ಸ್ಲೈಡಿನ ಚಿತ್ರಕ್ಕೆ ಅಂಕ. ಡಬ್ಬಿಯ ಕತೆ ಅದಕ್ಕೆ ಗೊತ್ತಿಲ್ಲ. ಆದರೂ ಇದರಲ್ಲಿ ಒಂದು ಅಂಶ ಒಪ್ಪಲೇಬೇಕು, ಮನುಷ್ಯರ ಕಣ್ಣು ಕೂಡ ಅಂಥ ಘನಂದಾರಿಯೇನಲ್ಲ. ಹರ್-2ಕ್ಕೆ 0, 1+, 2+, 3+ ಅಂತ ಅಂಕ ಕೊಡುವ ಪದ್ಧತಿ. ಮೊದಲು 0 ಆದರೂ ಒಂದೇ, 1+ ಆದರೂ ಒಂದೇ, ಎರಡೂ ನೆಗೆಟಿವ್. 2022ರಲ್ಲಿ ಹರ್-2 ಅತಿ ಕಡಿಮೆ ಇರುವವರಿಗೂ ಕೆಲಸ ಮಾಡುವ ಔಷಧಿಯ ಫಲಿತಾಂಶ ಬಂದ ಮೇಲೆ ಆ ಒಂದು ಅಂಕಕ್ಕೆ ಜೀವದ ಬೆಲೆ ಬಂತು. ಅದೇ ವರ್ಷ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 18 ಪೆಥಾಲಜಿಸ್ಟರಿಗೆ ಒಂದೇ ಸ್ಲೈಡುಗಳನ್ನು ತೋರಿಸಿದರೆ, 0 ಮತ್ತು 1+ ನಡುವೆ ಅವರ ಒಮ್ಮತ ಶೇಕಡ 26 ಮಾತ್ರ. ದೊಡ್ಡ ದೊಡ್ಡ ಪಂಡಿತರ ಕಣ್ಣೇ ಹೀಗಾದರೆ ರಿಪೋರ್ಟಿನ ಮೇಲಿನ ಆ ಸೊನ್ನೆಯನ್ನು ದೇವರ ಅಪ್ಪಣೆ ಅಂತ ತಿಳಿಯುವುದು ಹೇಗೆ?

"ನಮಗೆ ಸರ್ಟಿಫಿಕೇಟ್ ಇದೆ." ಇರಲಿ, ಗೋಡೆಗೆ ಹಾಕಿ. ಆದರೆ ಡೆನ್ಮಾರ್ಕಿನಲ್ಲಿ ನಾರ್ಡಿಕ್ಯೂಸಿ ಅಂತ ಒಂದು ಸಂಸ್ಥೆ ಇದೆ, 2003ರಿಂದ ನಾನಾ ದೇಶಗಳ ಲ್ಯಾಬುಗಳಿಗೆ ಒಂದೇ ತುಂಡು ಕಳಿಸಿ, ಅವರು ಬಣ್ಣ ಹಾಕಿ ವಾಪಸ್ ಕಳಿಸಿದ್ದಕ್ಕೆ ಅಂಕ ಕೊಡುತ್ತದೆ. ತಾವಾಗಿ ಬಂದು ಪರೀಕ್ಷೆಗೆ ಕೂತ ಲ್ಯಾಬುಗಳಲ್ಲೂ ಸಾಮಾನ್ಯ ಪರೀಕ್ಷೆಗಳಲ್ಲಿ ಸುಮಾರು ಶೇಕಡ 30ರಷ್ಟು ಸಾಲದು ಅನ್ನಿಸಿಕೊಂಡಿವೆ. ಅವುಗಳಲ್ಲಿ ಬಹುಪಾಲಿನ ದೋಷ ಒಂದೇ, ಬರಬೇಕಾದ ಬಣ್ಣ ಬರದಿರುವುದು. ಪರೀಕ್ಷೆಗೇ ಕೂರದವರ ಅಂಕ ಎಷ್ಟು ಅಂತ ನೀವೇ ಊಹಿಸಿ.

"ಖರ್ಚು ಜಾಸ್ತಿಯಾಗುತ್ತೆ ಮಾರಾಯ." ಇದೊಂದು ಮಾತಿಗೆ ಮಾತ್ರ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ. ಕಂಟ್ರೋಲ್ ಅಂದರೆ ಏನು? ಪ್ರೋಟೀನ್ ಇದೆ ಅಂತ ಮೊದಲೇ ಗೊತ್ತಿರುವ ಒಂದು ಚೂರು ಅಂಗಾಂಶವನ್ನು ರೋಗಿಯ ತುಂಡಿನ ಪಕ್ಕದಲ್ಲೇ, ಅದೇ ಗಾಜಿನ ಮೇಲೆ ಕೂರಿಸುವುದು. ಆ ಚೂರು ಕಂದಾದರೆ ನಮ್ಮ ಕುಕ್ಕರು, ಬಾಟಲಿ, ಕೈ ಎಲ್ಲ ಸರಿಯಿದ್ದವು ಅಂತ. ಪಕ್ಕದ ನಾಳವೂ ಕಂದಾದರೆ ರೋಗಿಯ ಡಬ್ಬಿಯೂ ಸರಿಯಿತ್ತು ಅಂತ. ನಾಳಕ್ಕೆ ಖರ್ಚಿಲ್ಲ, ಅದನ್ನು ದೇವರೇ ಇಟ್ಟಿದ್ದಾನೆ. ನೋಡುವ ಮನಸ್ಸು ಬೇಕು. ಇನ್ನೊಂದು ಗಾಜು, ಎರಡು ಹನಿ ಆಂಟಿಬಾಡಿ, ಇಷ್ಟು ಉಳಿಸಿ ಏನು ಕೋಟೆ ಕಟ್ಟುತ್ತೀರಿ?

ಇಷ್ಟೆಲ್ಲ ಜೋರು ಮಾತಾಡುವ ನಾನೇನು ಸತ್ಯಹರಿಶ್ಚಂದ್ರನಲ್ಲ. ಹಲವು ವರ್ಷಗಳ ಹಿಂದೆ ಒಂದು ಶುಕ್ರವಾರ ಸಂಜೆ, ಊರಿಗೆ ಹೋಗುವ ಬಸ್ಸಿನ ಅವಸರದಲ್ಲಿ, ಕಂಟ್ರೋಲ್ ಇಡದೆ ಇಡೀ ಬ್ಯಾಚ್ ಬಣ್ಣ ಹಾಕಿ ಹೋದೆ. ಸೋಮವಾರ ಬಂದು ನೋಡಿದರೆ ರಿಪೋರ್ಟುಗಳೆಲ್ಲ ಹೊರಟುಹೋಗಿದ್ದವು. ಕಂಟ್ರೋಲ್ ಎಲ್ಲಿ ಅಂತ ಯಾರೂ ಕೇಳಿರಲಿಲ್ಲ. ಮೇಡಂಗೆ ಹೇಳಿದೆ, ಬೈಸಿಕೊಂಡೆ, ಎಲ್ಲ ಮತ್ತೆ ಮಾಡಿದೆವು. ಪುಣ್ಯಕ್ಕೆ ಫಲಿತಾಂಶ ಬದಲಾಗಲಿಲ್ಲ. ಬದಲಾಗಿದ್ದರೆ? ಈಗಲೂ ಕೆಲವು ಶುಕ್ರವಾರ ಅದು ನೆನಪಾಗುತ್ತದೆ.

ಹಾಗಾಗಿ ನನ್ನ ಹಟ ಇಷ್ಟೇ. ರಿಪೋರ್ಟಿನಲ್ಲಿ ಪಾಸಿಟಿವ್ ನೆಗೆಟಿವ್ ಪಕ್ಕದಲ್ಲಿ ಇನ್ನೂ ಮೂರು ವಿಷಯ ಇರಲೇಬೇಕು. ತುಂಡು ಎಷ್ಟು ಗಂಟೆ ಫಾರ್ಮಾಲಿನ್ನಿನಲ್ಲಿತ್ತು, ಯಾವ ಆಂಟಿಬಾಡಿ ಬಳಸಿದಿರಿ, ಕಂಟ್ರೋಲ್ ಏನಾಯಿತು. ಇವಿಲ್ಲದ ನೆಗೆಟಿವನ್ನು ನೆಗೆಟಿವ್ ಅಂತ ಕರೆಯಬಾರದು. ಪ್ರಬಂಧಕ್ಕೂ ಇದೇ ಕಾನೂನು. ಚಂದದ ಕಂದು ಚಿತ್ರದ ಪಕ್ಕದಲ್ಲಿ, ಆ ಪ್ರೋಟೀನೇ ಇಲ್ಲದ ಅಂಗಾಂಶದ ನೀಲಿ ಚಿತ್ರವನ್ನೂ ಹಾಕದಿದ್ದರೆ ಆ ಪುಟ ಮಗುಚಿ ಮುಂದೆ ಹೋಗಿ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಪರೀಕ್ಷೆ ಆಗಿದ್ದರೆ, ಲ್ಯಾಬಿನಿಂದ ಮೇಣದ ಬ್ಲಾಕನ್ನು ಕೇಳಿ ಪಡೆಯಬಹುದು. ಕೇಳಲು ಸಂಕೋಚ ಬೇಡ, ಅದು ನಿಮ್ಮವರ ದೇಹದ ತುಂಡು. ಬಿಸಿಲು ತಾಗದ ಕಡೆ ಇಡಿ, ಮೇಣ ಕರಗುತ್ತದೆ. ಚಿಕ್ಕಮ್ಮ ತಮ್ಮದನ್ನು ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಇಟ್ಟಿದ್ದಾರೆ. ಮಾತ್ರೆಯ ಐದು ವರ್ಷ ಹೋದ ಯುಗಾದಿಗೆ ಮುಗಿಯಿತು, ಮುಂದುವರಿಸಬೇಕೋ ಬೇಡವೋ ಅಂತ ಡಾಕ್ಟರ ಜೊತೆ ಮಾತು ನಡೆದಿದೆ.

ಅಂದ ಹಾಗೆ ಮದುವೆಮನೆಯ ಹುಡುಗನ ನಂಬರ್ ಕಡೆಗೂ ಸಿಕ್ಕಿತು. ನಿನ್ನೆ ರಾತ್ರಿ ಮೆಸೇಜ್ ಹಾಕಿದೆ. "ಮೂತ್ರಪಿಂಡ ಅಂದೆಯಲ್ಲ, ನಿನ್ನ ಕಿಟ್ ಬಯೋಟಿನ್ ಆಧಾರದ್ದಾ? ಹೌದಾದರೆ ಪ್ರೈಮರಿ ಆಂಟಿಬಾಡಿ ಹಾಕದೆ ಒಂದು ಸ್ಲೈಡ್ ಮಾಡಿ ನೋಡು, ಆಗಲೂ ಕಂದು ಬರುತ್ತಾ ಅಂತ." ಎರಡು ನೀಲಿ ಟಿಕ್ ಬಿದ್ದಿವೆ. ಉತ್ತರ ಇನ್ನೂ ಬಂದಿಲ್ಲ.